ಮೂಗಿನ ಅಲರ್ಜಿ ಮತ್ತು ರೈತನ ನಿದ್ದೆ



‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಗಾದೆ ಕೇಳಿದರೆ ನಗು ಬರುತ್ತದೆ. ಆದರೆ ರಾಶಿಯ ಕಾಲಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ನಸುಕಿನಲ್ಲಿ ಒಂದು ಸುತ್ತು ಹಾಕಿ ನೋಡಿರಿ. ಕೋಳಿ ಕೂಗುವ ಮೊದಲೇ ಸೀನು ಕೇಳಿಸುತ್ತದೆ. ಒಂದಲ್ಲ, ಎರಡಲ್ಲ, ಸಾಲಾಗಿ ಹತ್ತು ಹದಿನೈದು ಸೀನು. “ಯಾಕ್ರಿ ಯಜಮಾನ್ರ, ಆರಾಮ ಇಲ್ಲೇನು?” ಎಂದು ಕೇಳಿದರೆ, “ಏನಿಲ್ಲ ಬಿಡ್ರಿ ಸಾಹೇಬ್ರ, ರಾಶಿ ನೆಗಡಿ. ವರ್ಷಾ ಬರತೈತಿ, ತಾನಽ ಹೋಗತೈತಿ” ಎಂಬ ಉತ್ತರ.

ನಾನು ಬೆಳೆಯ ರೋಗ ಹೇಳುವವನು. ಮನುಷ್ಯರ ರೋಗ ನೋಡುವ ಡಾಕ್ಟರನಲ್ಲ. ಆದರೂ ಇಂದು ಈ ಮಾತು ಎತ್ತಿಕೊಂಡದ್ದಕ್ಕೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಸಿಂದಗಿ ತಾಲೂಕಿನ ಒಂದು ಹೊಲಕ್ಕೆ ಹೋಗಿದ್ದೆ. ಬಿಳಿಜೋಳದ ರಾಶಿ ನಡೆದಿತ್ತು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಮಷೀನಿಗೆ ತೆನೆ ಹಾಕುತ್ತಿದ್ದ. ಕಣ್ಣು ಕೆಂಪಾಗಿತ್ತು, ಮೂಗು ಸುರಿಯುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ನಿಂತಲ್ಲೇ ಅವನಿಗೆ ಜೋಂಪು ಹತ್ತಿತು. ತೆನೆಯ ಸಂಗಡ ಕೈಯೂ ಮುಂದೆ ಹೋಯಿತು. ಅಂಗಿಯ ತೋಳು ಮಷೀನಿಗೆ ಸಿಕ್ಕಿತು. ಹಿಂದೆ ನಿಂತಿದ್ದ ಅವನ ಅಣ್ಣ ಸೊಂಟ ಹಿಡಿದು ಜಗ್ಗಿದ. ತೋಳು ಹೆಗಲತನಕ ಹರಿದು ಹೋಯಿತು. ಪುಣ್ಯಕ್ಕೆ ಕೈ ಉಳಿಯಿತು.

ಬೇವಿನ ಗಿಡದ ಕೆಳಗೆ ಕೂಡ್ರಿಸಿ ನೀರು ಕೊಟ್ಟು ಕೇಳಿದೆ: “ತಮ್ಮಾ, ರಾತ್ರಿ ನಿದ್ದಿ ಮಾಡಿಲ್ಲೇನು?”

“ಮಲಗಿದ್ದು ಒಂಬತ್ತಕ್ಕಽ ರೀ. ನಿದ್ದಿ ಎಲ್ಲಿ ಬರಬೇಕು? ಮೂಗು ಕಟ್ಟಿ ಬಾಯಿಲೆ ಉಸಿರಾಡಬೇಕು. ಗಂಟಲಾ ಒಣಗಿ ನಾಕ್ ಸಲ ಎದ್ದು ನೀರು ಕುಡದೀನಿ. ಹದಿನೈದು ದಿನಾ ಆತ್ರಿ ಹಿಂಗಽ. ಇವತ್ತ ಮುಂಜಾನೆ ಅಂಗಡ್ಯಾಗ ಒಂದು ನೆಗಡಿ ಗುಳಿಗಿ ತಗೊಂಡು ನುಂಗಿ ಬಂದೆ.”

ಹದಿನೈದು ರಾತ್ರಿಯ ಕೆಟ್ಟ ನಿದ್ದೆ. ಅದರ ಮೇಲೆ ನಿದ್ದೆ ಬರಿಸುವ ಗುಳಿಗೆ. ಅದರ ಮೇಲೆ ತಿರುಗುವ ಮಷೀನು. ಅಂದಿನಿಂದ ‘ರಾಶಿ ನೆಗಡಿ’ ಎಂದರೆ ನನಗೆ ನಗು ಬರುವದಿಲ್ಲ. ಇದರ ವಿಷಯವನ್ನು ವೈದ್ಯರಲ್ಲಿ ಕೇಳಿ, ಓದಿ ತಿಳಿದುಕೊಂಡೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯ ಮಾತು: ಇದು ನೆಗಡಿಯಲ್ಲ. ನೆಗಡಿ ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗ. ಅದರಲ್ಲಿ ಮೈಕೈ ನೋವು ಇರುತ್ತದೆ, ಒಮ್ಮೊಮ್ಮೆ ಜ್ವರವೂ ಬರುತ್ತದೆ. ವಾರ ಹತ್ತು ದಿನಕ್ಕೆ ತಾನೇ ಇಳಿಯುತ್ತದೆ. ನಾವು ಹೇಳುತ್ತಿರುವದು ಮೂಗಿನ ಅಲರ್ಜಿ. ಇದರಲ್ಲಿ ಜ್ವರವಿಲ್ಲ. ಸೀನು ಸಾಲುಗಟ್ಟಿ ಬರುತ್ತವೆ. ಮೂಗು, ಕಣ್ಣು, ಅಂಗಳು ತುರಿಸುತ್ತವೆ. ಮೂಗಿನಿಂದ ತಿಳಿನೀರಿನಂತೆ ಸುರಿಯುತ್ತದೆ, ಇಲ್ಲವೆ ಮೂಗು ಪೂರಾ ಕಟ್ಟುತ್ತದೆ. ಧೂಳು ಇರುವತನಕ ಅದೂ ಇರುತ್ತದೆ, ಮುಂದಿನ ವರ್ಷ ಅದೇ ಹಂಗಾಮಿಗೆ ತಪ್ಪದೆ ಮರಳಿ ಬರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹತ್ತುವದಿಲ್ಲ. ಆದರೆ ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು.

ಹಾಗಾದರೆ ಅಲರ್ಜಿ ಎಂದರೇನು? ಮನೆ ಕಾಯುವ ನಾಯಿಯನ್ನು ನೆನಪಿಗೆ ತಂದುಕೊಳ್ಳಿರಿ. ಕಳ್ಳ ಬಂದರೆ ಬೊಗಳುವದು ಅದರ ಕೆಲಸ. ಆದರೆ ಕೆಲವು ನಾಯಿ ಮನೆಗೆ ಬಂದ ಬೀಗರಿಗೂ ಹರಿಹಾಯ್ದು ಊರೆಲ್ಲ ಎಬ್ಬಿಸುತ್ತವೆ. ನಮ್ಮ ಮೈಯೊಳಗೂ ರೋಗಾಣುಗಳನ್ನು ತಡೆಯುವ ಕಾವಲು ಉಂಟು. ಹೂವಿನ ಪರಾಗ, ಹಾಸಿಗೆಯ ಧೂಳು, ಬೂಸು, ಇವು ಕಳ್ಳರಲ್ಲ. ಆದರೂ ಕೆಲವರ ಮೈಯ ಕಾವಲು ಇವನ್ನು ಶತ್ರುವೆಂದು ತಪ್ಪು ತಿಳಿಯುತ್ತದೆ. ಆಗ ಮೂಗಿನ ಒಳಪೊರೆಯಲ್ಲಿರುವ ಕಣಗಳು ಹಿಸ್ಟಮಿನ್ ಎಂಬ ವಸ್ತುವನ್ನು ಹೊರಗೆ ಬಿಡುತ್ತವೆ. ಅದರಿಂದ ತುರಿಕೆ, ಸೀನು, ಸುರಿಕೆ ಉಂಟಾಗುತ್ತವೆ. ಸ್ವಲ್ಪ ಹೊತ್ತಿಗೆ ಒಳಪೊರೆ ಉಬ್ಬಿ ಉಸಿರಿನ ದಾರಿ ಕಿರಿದಾಗುತ್ತದೆ.

ಇದು ನಮ್ಮ ನಾಡಿಗಷ್ಟೇ ಬಂದ ಕಷ್ಟವಲ್ಲ. 1819ರಲ್ಲಿ ಲಂಡನ್ನಿನ ಜಾನ್ ಬೋಸ್ಟಾಕ್ ಎಂಬ ವೈದ್ಯರು ಪ್ರತಿ ಬೇಸಿಗೆಗೆ ತಮ್ಮನ್ನೇ ಕಾಡುತ್ತಿದ್ದ ಈ ತೊಂದರೆಯನ್ನು ಬರೆದಿಟ್ಟರು. ಅಲ್ಲಿಯ ಜನ ಇದನ್ನು ‘ಹುಲ್ಲಿನ ಜ್ವರ’ ಎಂದು ಕರೆದರು. ಹುಲ್ಲು ಕೊಯ್ಯುವ ಕಾಲಕ್ಕೆ ಬರುತ್ತಿತ್ತು, ಅದಕ್ಕೇ ಆ ಹೆಸರು. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ಇನ್ನೊಬ್ಬ ವೈದ್ಯರು ಹುಲ್ಲಿನ ಪರಾಗವನ್ನು ತಮ್ಮ ಮೈಮೇಲೆಯೇ ಪರೀಕ್ಷೆ ಮಾಡಿ, ಇದಕ್ಕೆ ಪರಾಗವೇ ಕಾರಣವೆಂದು ತೋರಿಸಿಕೊಟ್ಟರು. ‘ಅಲರ್ಜಿ’ ಎಂಬ ಹೆಸರು ಹುಟ್ಟಿದ್ದು 1906ರಲ್ಲಿ. ಅವರಿಗೆ ಹುಲ್ಲುಗಾವಲು, ನಮಗೆ ಜೋಳದ ಕಣ. ಜೋಳವೂ ಹುಲ್ಲಿನ ಜಾತಿಯ ಬೆಳೆಯೇ ಅಲ್ಲವೇ!

ಈಗ ನಿದ್ದೆಯ ಮಾತಿಗೆ ಬರೋಣ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತಾರೆ. ಆದರೆ ಚಿಂತೆ ಇಲ್ಲದಿದ್ದರೂ ಮೂಗು ಕಟ್ಟಿದವನಿಗೆ ಮನೆಯಲ್ಲೂ ನಿದ್ದೆಯಿಲ್ಲ. ಯಾಕೆ?

ಮೂಗು ಬರೀ ಉಸಿರಿನ ತೂತಲ್ಲ. ಹೊರಗಿನ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ಹಸಿ ಮಾಡಿ ಪುಪ್ಪುಸಕ್ಕೆ ಕಳಿಸುವ ಕೆಲಸ ಅದರದು. ಹಗಲಿನಲ್ಲಿ ನಾವು ನಿಂತು ಕುಳಿತು ಇರುವಾಗ ಅದರ ಒಳಪೊರೆಗೆ ರಕ್ತ ಮಿತವಾಗಿ ಹರಿಯುತ್ತದೆ. ಅಡ್ಡಾದ ಕೂಡಲೇ ತಲೆಯ ಕಡೆಗೆ ರಕ್ತ ಹೆಚ್ಚು ಸರಿದು ಒಳಪೊರೆ ಉಬ್ಬುತ್ತದೆ. ಆರೋಗ್ಯವಂತನಿಗೆ ಇದು ಗೊತ್ತೂ ಆಗುವದಿಲ್ಲ. ಆದರೆ ಅಲರ್ಜಿಯಿಂದ ಮೊದಲೇ ಉಬ್ಬಿದ ಮೂಗಿಗೆ ಅಷ್ಟೇ ಸಾಕು, ದಾರಿ ಮುಚ್ಚಿ ಹೋಗುತ್ತದೆ. ಹೂಳು ತುಂಬಿದ ಕಾಲುವೆಗೆ ಒಂದು ಕಸದ ಹೊರೆ ಅಡ್ಡ ಬಿದ್ದಂತೆ.

ಎರಡನೆಯ ಕಾರಣ ನಮ್ಮ ಮೈಯ ಗಡಿಯಾರ. ಉಬ್ಬು ಇಳಿಸುವ ಒಂದು ರಸವನ್ನು ನಮ್ಮ ಮೈ ತಾನೇ ತಯಾರು ಮಾಡಿಕೊಳ್ಳುತ್ತದೆ. ಅದಕ್ಕೆ ಕಾರ್ಟಿಸಾಲ್ ಎನ್ನುತ್ತಾರೆ. ಅದು ನಡುರಾತ್ರಿಯ ಸುಮಾರಿಗೆ ಎಲ್ಲಕ್ಕೂ ಕಡಿಮೆ ಇರುತ್ತದೆ. ಆದ್ದರಿಂದಲೇ ಮೂಗಿನ ಕಾಟ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು. ಮೂರನೆಯ ಕಾರಣ, ನಾವು ಮಲಗುವ ಹಾಸಿಗೆಯಲ್ಲಿಯೇ ಧೂಳು ಇರುತ್ತದೆ. ಆರೇಳು ತಾಸು ಅದರಲ್ಲೇ ಮುಖವಿಟ್ಟು ಉಸಿರಾಡುತ್ತೇವೆ.

ಮೂಗು ಕಟ್ಟಿದ ಮೇಲೆ ಬಾಯಿಯಿಂದ ಉಸಿರಾಡಬೇಕು. ಗಂಟಲು ಒಣಗುತ್ತದೆ. ಗೊರಕೆ ಏಳುತ್ತದೆ. ಉಸಿರು ಸಿಕ್ಕಿದಂತಾದಾಗಲೆಲ್ಲ ಮಿದುಳು ಎಚ್ಚರವಾಗುತ್ತದೆ. ಈ ಎಚ್ಚರ ಎಷ್ಟೋ ಸಲ ಎರಡು ಮೂರು ಸೆಕೆಂಡಿನಷ್ಟು ಚಿಕ್ಕದು, ಮುಂಜಾನೆ ನಮಗೆ ನೆನಪೂ ಇರುವದಿಲ್ಲ. “ರಾತ್ರಿ ಎಂಟು ತಾಸು ಮಲಗೀನಿ, ಆದರೂ ಮೈ ಭಾರ, ತಲಿ ಭಾರ” ಎನ್ನುವವರು ಇದ್ದಾರಲ್ಲ, ಅವರು ಸುಳ್ಳು ಹೇಳುವದಿಲ್ಲ. ಅವರು ಮಲಗಿದ್ದು ಎಂಟು ತಾಸು ನಿಜ. ಗಾಢ ನಿದ್ದೆ ಮಾತ್ರ ತುಂಡು ತುಂಡಾಗಿದೆ. ಬಿತ್ತಿದ್ದು ಎಕರೆ, ನಾಟಿದ್ದು ಗುಂಟೆ!

ದೊಡ್ಡವರಿಗೆ ದಿನಕ್ಕೆ 7 ತಾಸಾದರೂ ನಿದ್ದೆ ಬೇಕು. ಶಾಲೆಗೆ ಹೋಗುವ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ತಾಸು ಬೇಕು. ಅದು ಸಿಗದಿದ್ದರೆ ದೊಡ್ಡವರಿಗೆ ಸಿಟ್ಟು, ಮರೆವು, ತಲೆನೋವು, ಕೆಲಸದಲ್ಲಿ ಕೈತಪ್ಪು. ರಾಶಿ ಮಷೀನು, ಮೇವು ಕತ್ತರಿಸುವ ಮಷೀನು, ಟ್ರ್ಯಾಕ್ಟರು, ಬಾವಿಯ ದಂಡೆ, ಔಷಧ ಸಿಂಪಡಿಸುವ ಪಂಪು, ಇವೆಲ್ಲ ಎಚ್ಚರಿದ್ದವನ ಕೆಲಸಗಳು.

ಮಕ್ಕಳ ಕಡೆಗೆ ತಾಯಂದಿರು ವಿಶೇಷ ಗಮನ ಕೊಡಬೇಕು. ಮಗು ಬಾಯಿ ತೆರೆದು ಮಲಗುತ್ತದೆಯೇ? ಗೊರಕೆ ಹೊಡೆಯುತ್ತದೆಯೇ? ಅಂಗೈಯಿಂದ ಮೂಗನ್ನು ಮೇಲಕ್ಕೆ ಮೇಲಕ್ಕೆ ತಿಕ್ಕುತ್ತದೆಯೇ? ಕಣ್ಣಿನ ಕೆಳಗೆ ಕಪ್ಪಾಗಿದೆಯೇ? ಇಂಥ ಮಗು ಶಾಲೆಯಲ್ಲಿ ತೂಕಡಿಸುತ್ತದೆ, ಇಲ್ಲವೆ ಕೂತಲ್ಲಿ ಕೂಡ್ರದೆ ಚಡಪಡಿಸುತ್ತದೆ. ‘ಹುಡುಗ ದಡ್ಡ’ ಎಂದು ಬೈಸಿಕೊಳ್ಳುತ್ತದೆ. ಹುಡುಗ ದಡ್ಡನಲ್ಲ, ಅವನಿಗೆ ನಿದ್ದೆಯಿಲ್ಲ. ಬಯ್ಯುವ ಮೊದಲು ಒಂದು ರಾತ್ರಿ ಅವನ ಹಾಸಿಗೆಯ ಪಕ್ಕ ಕೂತು ಅವನ ಉಸಿರು ಕೇಳಿರಿ.

ಇನ್ನು ನಮ್ಮ ನಾಲ್ಕು ತಾಲೂಕುಗಳಲ್ಲಿ ಈ ಕಾಟ ಯಾವ ಯಾವ ದಾರಿಯಿಂದ ಬರುತ್ತದೆ ನೋಡೋಣ. ಡೋಣಿ ಸಾಲಿನ ಕರಿಮಣ್ಣು ಬಿಳಿಜೋಳಕ್ಕೆ ಹೆಸರಾದದ್ದು. ಹಿಂಗಾರಿಗೆ ಬಿತ್ತಿದ ಮಾಲದಂಡಿ ಫೆಬ್ರುವರಿ, ಮಾರ್ಚಿಗೆ ಕಣಕ್ಕೆ ಬರುತ್ತದೆ. ಅದಕ್ಕೂ ಮೊದಲು ತೊಗರಿಯ ರಾಶಿ, ಜೋಳದ ಸಂಗಡವೇ ಕಡಲೆ, ಕುಸುಬೆ, ಗೋಧಿ. ಜೋಳದ ತೆನೆ ಬಡಿದಾಗ ಏಳುವ ಸುಂಕು ಮೈಗೆಲ್ಲ ತುರಿಕೆ ಹಚ್ಚುವದು ನಿಮಗೆ ಗೊತ್ತೇ ಇದೆ. ಆ ಧೂಳಿನಲ್ಲಿ ಹೊಟ್ಟು, ಒಣಗಿದ ಹೂವಿನ ಪುಡಿ, ಮಣ್ಣು, ಬೂಸಿನ ಬೀಜ ಎಲ್ಲವೂ ಕೂಡಿರುತ್ತವೆ. ಅತಿಯಾದ ಧೂಳು ಯಾರ ಮೂಗನ್ನಾದರೂ ಕೆರಳಿಸುತ್ತದೆ, ಕಣ ಬಿಟ್ಟ ಮೇಲೆ ಅದು ಇಳಿಯುತ್ತದೆ. ಅಲರ್ಜಿ ಇದ್ದವನಿಗೆ ಒಂದು ಚಿಟಿಕೆ ಧೂಳು ಸಾಕು. ಅವನಿಗೆ ಮನೆಗೆ ಬಂದರೂ ಬಿಡುವದಿಲ್ಲ.

ಎರಡನೆಯದು ಪಾರ್ಥೇನಿಯಂ. ನೀವು ಕಾಂಗ್ರೆಸ್ ಕಸ ಎನ್ನುತ್ತೀರಿ. ಇದು ಅಮೆರಿಕ ಖಂಡದ ಕಳೆ. 1955ರ ಸುಮಾರಿಗೆ ಪುಣೆಯಲ್ಲಿ ಇದು ಕಣ್ಣಿಗೆ ಬಿತ್ತು. ಅಲ್ಲಿಂದ ದೇಶವನ್ನೇ ಹಬ್ಬಿತು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮಳೆಗಾಲದಲ್ಲಿ ಬದುವು, ರಸ್ತೆಯ ಬದಿ, ಗಾವಠಾಣ, ಶಾಲೆಯ ಅಂಗಳ ಎಲ್ಲ ಬಿಳಿ ಹೂವಿನಿಂದ ತುಂಬುತ್ತವೆ. ಇದು ಚರ್ಮಕ್ಕೆ ಕಜ್ಜಿ ತರುವದು ಎಲ್ಲರಿಗೂ ಗೊತ್ತು. ಇದರ ಪರಾಗ ಮೂಗಿನ ಅಲರ್ಜಿಯನ್ನೂ ತರುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ನಡೆದ ಸಂಶೋಧನೆಗಳು ತೋರಿಸಿವೆ.

ಮೂರನೆಯದು ಮನೆಯೊಳಗಿನ ಧೂಳಿನ ನುಸಿ. ಇದು ಬೆಳೆಗೆ ಬೀಳುವ ನುಸಿಯ ದಾಯಾದಿ. ಉದ್ದ ಒಂದು ಮಿಲಿಮೀಟರಿನ ಮೂರರಲ್ಲೊಂದು ಪಾಲು, ಬರಿಗಣ್ಣಿಗೆ ಕಾಣುವದಿಲ್ಲ. ಕಚ್ಚುವದೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಗಾದಿ, ತಲೆದಿಂಬು, ಕೌದಿ, ಕಂಬಳಿಗಳಲ್ಲಿ ಬದುಕುತ್ತದೆ. ಅದರ ಹಿಕ್ಕೆಯ ಪುಡಿಯೇ ಮೂಗಿಗೆ ಆಗದ ವಸ್ತು. ಹಸಿ ಹವೆಯೆಂದರೆ ಅದಕ್ಕೆ ಹಬ್ಬ, ಒಣ ಬಿಸಿಲು ಅದಕ್ಕೆ ಮೃತ್ಯು. ಇದರ ಸಂಗಡ ಮಳೆಗಾಲದಲ್ಲಿ ಸೋರುವ ಮಾಳಿಗೆಯ ಬೂಸು, ಮನೆಯೊಳಗೇ ಕಟ್ಟಿದ ದನಗಳ ರೋಮ, ಒಲೆಯ ಹೊಗೆ. ಹೊಗೆ ಅಲರ್ಜಿಯ ವಸ್ತುವಲ್ಲ, ಆದರೆ ಉರಿಯುವ ಮೂಗಿಗೆ ಮತ್ತಷ್ಟು ಉರಿ ಹಚ್ಚುತ್ತದೆ.

ಕಾರಣ ಗೊತ್ತಾದ ಮೇಲೆ ಉಪಾಯ ಕಷ್ಟವಲ್ಲ. ಅರ್ಧ ಔಷಧ ನಮ್ಮ ಕಣದಲ್ಲೂ ಮನೆಯಲ್ಲೂ ಉಂಟು.

ಕಣದ ಕೆಲಸ ಮೊದಲು. ರಾಶಿಯ ಮುಂಜಾನೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ ಮಷೀನು ನಿಲ್ಲಿಸಿರಿ. ಹೊಟ್ಟು ಹಾರುವ ಬಾಯಿ ಗಾಳಿ ಹೋಗುವ ದಿಕ್ಕಿಗೆ ಇರಲಿ, ಜನ ಗಾಳಿ ಬರುವ ದಿಕ್ಕಿಗೆ ನಿಲ್ಲಲಿ. ಮನೆ, ಬಾವಿ, ಮಕ್ಕಳ ತೊಟ್ಟಿಲು ಹೊಟ್ಟಿನ ದಾರಿಯಲ್ಲಿ ಇರಬಾರದು. ಯಾರ ಮೂಗಿಗೆ ರಾಶಿ ಆಗುವದಿಲ್ಲವೋ ಅವರನ್ನು ತೆನೆ ಹಾಕಲು, ಹೊಟ್ಟು ತುಂಬಲು ನಿಲ್ಲಿಸಬೇಡಿರಿ. ಬಂಡಿ ಹೊಡೆಯುವದು, ನೀರು ಬುತ್ತಿ ತರುವದು, ಇಂಥ ಕೆಲಸ ಕೊಡಿರಿ. ಇದರಲ್ಲಿ ನಾಚಿಕೆಯ ಮಾತಿಲ್ಲ. ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡರೆ ದಪ್ಪ ಧೂಳು ನಿಲ್ಲುತ್ತದೆ, ಸಣ್ಣ ಧೂಳು ನಿಲ್ಲುವದಿಲ್ಲ. ಔಷಧ ಅಂಗಡಿಯಲ್ಲಿ ಸಿಗುವ ಎನ್-95 ಮಾಸ್ಕು ಮುಖಕ್ಕೆ ಸರಿಯಾಗಿ ಕೂತರೆ ಸಣ್ಣ ಧೂಳನ್ನೂ ತಡೆಯುತ್ತದೆ. ಮಷೀನಿನ ಮುಂದೆ ಸಡಿಲ ತೋಳಿನ ಅಂಗಿ, ಇಳಿಬಿದ್ದ ಟವೆಲು, ಸೀರೆಯ ಸೆರಗು ಬೇಡ. ರಾತ್ರಿ ನಿದ್ದೆ ಕೆಟ್ಟವನು ಆ ದಿನ ಮಷೀನಿನ ಬಾಯಿಗೆ ನಿಲ್ಲಲೇಬಾರದು.

ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ, ಮಳೆಯಾಗಿ ನೆಲ ಹಸಿಯಿದ್ದಾಗ ಬೇರುಸಹಿತ ಕೀಳಿರಿ. ಕೈಗೆ ಚೀಲ ಸುತ್ತಿಕೊಂಡು, ಮೂಗು ಮುಚ್ಚಿಕೊಂಡು ಕೀಳಬೇಕು. ಅಲರ್ಜಿ ಇದ್ದವರು ಈ ಕೆಲಸಕ್ಕೆ ಇಳಿಯಬಾರದು. ಹೂ ಬಿಡದ ಗಿಡವನ್ನು ತಿಪ್ಪೆಗೆ ಹಾಕಿ ಗೊಬ್ಬರ ಮಾಡಬಹುದು. ಈ ಗಿಡವನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಈಗ ಅದು ಅನೇಕ ಕಡೆ ಹಬ್ಬಿದೆ. ಮಳೆಗಾಲದಲ್ಲಿ ಎಲೆಯ ಮೇಲೆ ಬಿಳಿ ಮೈಗೆ ಕಂದು ಗೆರೆಯ ಸಣ್ಣ ದುಂಬಿ ಕಂಡರೆ ಅದನ್ನು ಕೊಲ್ಲಬೇಡಿರಿ, ಅದು ನಿಮ್ಮ ಆಳು. ಆದರೆ ಒಬ್ಬರು ಕಿತ್ತು ಪಕ್ಕದವರು ಬಿಟ್ಟರೆ ಫಲವಿಲ್ಲ. ಗಾಳಿಗೆ ಹೊಲದ ಗಡಿ ಗೊತ್ತಿಲ್ಲ. ಊರೆಲ್ಲ ಕೂಡಿ ಒಂದು ದಿನ ಗೊತ್ತು ಮಾಡಿಕೊಳ್ಳಿರಿ.

ಇನ್ನು ಮನೆ. ಕಣದಿಂದ ಬಂದವರು ಮೈಮೇಲಿನ ಬಟ್ಟೆಯನ್ನು ಹೊರಗೇ ಬಿಚ್ಚಿ ಝಾಡಿಸಿ ಅಲ್ಲಿಯೇ ಹಾಕಲಿ. ಮಲಗುವ ಮೊದಲು ತಲೆಗೂ ಸೇರಿ ಸ್ನಾನ ಮಾಡಲಿ. ಕೂದಲಲ್ಲಿ ಕೂತ ಧೂಳು ತಲೆದಿಂಬಿಗೆ ಇಳಿದು ರಾತ್ರಿಯಿಡೀ ಮೂಗಿಗೆ ಹೋಗುತ್ತದೆ. ಮಲಗುವ ಕೋಣೆಯಲ್ಲಿ ಜೋಳದ ಚೀಲ, ಹೊಟ್ಟು, ಹಳೆಯ ಬಟ್ಟೆಯ ಗಂಟು ಇಡಬಾರದು. ದನಗಳ ಗ್ವಾದಲಿ ಮನೆಯೊಳಗೇ ಇದ್ದರೆ ಅದರಿಂದ ದೂರದ, ಗಾಳಿ ಬೆಳಕಿನ ಜಾಗದಲ್ಲಿ ಹಾಸಿಗೆ ಹಾಕಿರಿ. ಒಣ ಕಸಬರಿಗೆಯಿಂದ ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂಡುತ್ತದೆ. ನೀರು ಚಿಮುಕಿಸಿ ಗುಡಿಸಿರಿ, ಇಲ್ಲವೆ ಒದ್ದೆ ಅರಿವೆಯಿಂದ ಒರೆಸಿರಿ. ಗುಡಿಸುವಾಗ ಅಲರ್ಜಿ ಇದ್ದವರು ಹೊರಗಿರಲಿ.

ಕೌದಿ ನಮ್ಮ ತಾಯಂದಿರ ಕೈಯ ಕೆಲಸ. ಅದನ್ನು ಬಿಡಿರಿ ಎಂದು ನಾನು ಹೇಳುವದಿಲ್ಲ. ಆದರೆ ಹತ್ತಾರು ಪದರಿನ ಕೌದಿ ವರ್ಷಕ್ಕೊಮ್ಮೆ ಪಂಚಮಿಗೋ ದೀಪಾವಳಿಗೋ ನೀರು ಕಂಡರೆ ಸಾಲದು. ಹಾಸುವ ಹೊದೆಯುವ ಬಟ್ಟೆ, ತಲೆದಿಂಬಿನ ಗವಸಣಿಗೆಗಳನ್ನು ವಾರಕ್ಕೊಮ್ಮೆ ಕೈ ಇಡಲಾರದಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆಯಿರಿ. 60 ಡಿಗ್ರಿ ಬಿಸಿಗೆ ನುಸಿ ಸಾಯುತ್ತದೆ. ಗಾದಿ, ದಿಂಬು, ಕೌದಿಗಳನ್ನು ವಾರಕ್ಕೊಮ್ಮೆ ಮಾಳಿಗೆಯ ಮೇಲೆ ಕಡು ಬಿಸಿಲಿಗೆ ಹರವಿ, ಮಗುಚಿ ಹಾಕಿ, ಸಂಜೆಗೆ ಹೊರಗೇ ಬಡಿದು ಒಳಗೆ ತನ್ನಿರಿ. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ, ಅದಕ್ಕೆ ರೊಕ್ಕವೂ ಬೇಡ. ಕಣದ ಮಗ್ಗುಲಲ್ಲಿ ರಾಶಿ ಕಾಯಲು ಹೊಟ್ಟಿನ ಮೇಲೆಯೇ ಕಂಬಳಿ ಹಾಸಿ ಮಲಗುವ ರೂಢಿ ಇದೆ. ಅಲರ್ಜಿ ಇದ್ದವರಿಗೆ ಆ ಪಾಳಿ ಬೇಡ.

ಮಲಗುವಾಗ ತಲೆ ಎದೆಗಿಂತ ಸ್ವಲ್ಪ ಎತ್ತರಕ್ಕೆ ಇರಲಿ. ಮಗ್ಗುಲಾಗಿ ಮಲಗಿದರೆ ಗೊರಕೆ ಕಡಿಮೆ. ಸೊಳ್ಳೆಗೆ ಸುರುಳಿಬತ್ತಿ ಹೊತ್ತಿಸುವ ಬದಲು ಪರದೆ ಕಟ್ಟಿರಿ. ಮಲಗುವ ಕೋಣೆಯಲ್ಲಿ ಬೀಡಿ ಬೇಡ. ಮೂಗು ತೆರೆಯಲೆಂದು ತಪಕೀರು ಏರಿಸುವವರು ಇದ್ದಾರೆ. ಎರಡು ಸೀನು ಬಂದು ಹಗುರಾದಂತೆ ತೋರುವದು, ಆದರೆ ಅದು ಒಳಪೊರೆಯನ್ನು ಮತ್ತಷ್ಟು ಕೆರಳಿಸುತ್ತದೆ.

ಮೂಗು ತೊಳೆಯುವದು ಒಂದು ಒಳ್ಳೆಯ ಉಪಾಯ. ಯೋಗದಲ್ಲಿ ಇದಕ್ಕೆ ಜಲನೇತಿ ಎನ್ನುತ್ತಾರೆ. ಈಗಿನ ವೈದ್ಯರೂ ಇದನ್ನು ಒಪ್ಪುತ್ತಾರೆ. ಕಾಲು ಲೀಟರು ನೀರನ್ನು ಐದು ನಿಮಿಷ ಕುದಿಸಿ, ಉಗುರುಬೆಚ್ಚಗೆ ಆರಿಸಿ, ಅರ್ಧ ಚಹಾ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಕೂಡಿಸಿರಿ. ತಲೆ ಬಗ್ಗಿಸಿ ಓರೆ ಮಾಡಿ ಮೇಲಿನ ಹೊಳ್ಳೆಯಲ್ಲಿ ಮೆಲ್ಲಗೆ ಬಿಟ್ಟರೆ ಕೆಳಗಿನ ಹೊಳ್ಳೆಯಿಂದ ಹೊರಗೆ ಬರುತ್ತದೆ. ಆ ಹೊತ್ತಿನಲ್ಲಿ ಬಾಯಿಂದ ಉಸಿರಾಡಿರಿ. ಕಣದಿಂದ ಬಂದ ಮೇಲೆ ಒಮ್ಮೆ ಮಾಡಿದರೆ ಕೂತ ಧೂಳು ತೊಳೆದು ಹೋಗುತ್ತದೆ. ಆದರೆ ಬಾವಿ, ಬೋರು, ಕಾಲುವೆಯ ನೀರನ್ನು ಕುದಿಸದೆ ಎಂದೂ ಮೂಗಿಗೆ ಬಿಡಬೇಡಿರಿ. ಅದರಿಂದ ಪ್ರಾಣಕ್ಕೇ ಅಪಾಯ ಬಂದ ಉದಾಹರಣೆಗಳು ಲೋಕದಲ್ಲಿ ಇವೆ.

ಇಷ್ಟರಿಂದ ಇಳಿಯದಿದ್ದರೆ ಔಷಧ ಬೇಕು. ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಆದರೂ ನಾಲ್ಕು ಮಾತು ನಿಮಗೆ ಗೊತ್ತಿರಲಿ.

ಒಂದು, ಗುಳಿಗೆ. ಹಳೆಯ ಕಾಲದ ಅಲರ್ಜಿ ಗುಳಿಗೆಗಳಾದ ಕ್ಲೋರ್‌ಫೆನಿರಮಿನ್, ಫೆನಿರಮಿನ್ ಇವು ನಿದ್ದೆಯ ಮಬ್ಬು ತರುತ್ತವೆ. ಅಂಗಡಿಯಲ್ಲಿ ‘ನೆಗಡಿ ಗುಳಿಗೆ’ ಎಂದು ಕೊಡುವ ಅನೇಕ ಗುಳಿಗೆಗಳಲ್ಲಿ ಇವೇ ಕೂಡಿರುತ್ತವೆ. “ನಿದ್ದೆ ಬಂದರೆ ಒಳ್ಳೇದಽ ಆತಲ್ಲ” ಎನ್ನಬೇಡಿರಿ. ಇದು ಒಳ್ಳೆಯ ನಿದ್ದೆಯಲ್ಲ, ಮಬ್ಬು ಮರುದಿನದತನಕ ಉಳಿಯುತ್ತದೆ. ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುವ ತೊಂದರೆಯೂ ಆಗಬಹುದು. ಸೆರೆಯ ಸಂಗಡ ಕೂಡಿದರೆ ಮಬ್ಬು ಇಮ್ಮಡಿ. ಲೊರಾಟಡಿನ್, ಫೆಕ್ಸೊಫೆನಾಡಿನ್ ಎಂಬ ಹೊಸ ಗುಳಿಗೆಗಳಲ್ಲಿ ಮಬ್ಬು ಬಹಳ ಕಡಿಮೆ. ಸೆಟಿರಿಜಿನ್ ಇವೆರಡರ ನಡುವಿನದು, ಕೆಲವರಿಗೆ ತೂಕಡಿಕೆ ತರುತ್ತದೆ. ವೈದ್ಯರ ಮುಂದೆ “ನಾನು ಮಷೀನು ನಡಸಾಂವ, ಟ್ರ್ಯಾಕ್ಟರ್ ಹೊಡಿಯಾಂವ” ಎಂದು ಬಾಯಿಬಿಟ್ಟು ಹೇಳಿರಿ.

ಎರಡು, ಕಟ್ಟಿದ ಮೂಗು ತೆರೆಯುವ ಹನಿ. ಹಾಕಿದ ಐದು ನಿಮಿಷಕ್ಕೆ ಮೂಗು ತೆರೆಯುತ್ತದೆ, ಅದಕ್ಕೇ ಜನ ಅದಕ್ಕೆ ಮರುಳಾಗುತ್ತಾರೆ. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟು. ಇದು ಮುಗಿಯದ ಸಾಲದ ಬಡ್ಡಿ.

ಮೂರು, ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧ. ಕಟ್ಟಿದ ಮೂಗಿಗೂ ಕೆಟ್ಟ ನಿದ್ದೆಗೂ ಇದು ಗುಳಿಗೆಗಿಂತ ಹೆಚ್ಚು ಗುಣ ಕೊಡುತ್ತದೆ. ಆದರೆ ಒಂದೇ ದಿನಕ್ಕೆ ಗುಣ ಕಾಣುವದಿಲ್ಲ. ದಿನಾಲೂ ತಪ್ಪದೆ ಹೊಡೆಯಬೇಕು, ಪೂರ್ಣ ಗುಣ ಬರಲು ಒಂದೆರಡು ವಾರ ಬೇಕು. ಬೆಳೆಗೆ ರೋಗ ಬಿದ್ದ ಮೇಲೆ ಸಿಂಪಡಿಸುವದಕ್ಕಿಂತ ಬೀಜೋಪಚಾರ ಮೇಲಲ್ಲವೇ? ಹಾಗೆಯೇ ಪ್ರತಿ ವರ್ಷ ರಾಶಿಗೆ ಕಾಟ ಬರುವವರು ಎರಡು ವಾರ ಮೊದಲೇ ವೈದ್ಯರನ್ನು ಕಂಡು ಇದನ್ನು ಆರಂಭಿಸುವದು ಲೇಸು. ತಲೆ ಸ್ವಲ್ಪ ಬಗ್ಗಿಸಿ, ಬಲಹೊಳ್ಳೆಗೆ ಎಡಗೈಯಿಂದ, ಎಡಹೊಳ್ಳೆಗೆ ಬಲಗೈಯಿಂದ, ಕಿವಿಯ ಕಡೆಗೆ ಮುಖಮಾಡಿ ಸಿಂಪಡಿಸಬೇಕು. ನಡುವಿನ ಗೋಡೆಗೆ ಹೊಡೆದರೆ ರಕ್ತ ಬರಬಹುದು.

ನಾಲ್ಕು, ‘ಒಂದು ಸೂಜಿ ಮಾಡಿದರೆ ವರ್ಷಗಟ್ಟಲೆ ನೆಗಡಿ ಇಲ್ಲ’ ಎನ್ನುವವರ ಮಾತು ನಂಬಬೇಡಿರಿ. ಅದರಲ್ಲಿ ಹೆಚ್ಚಾಗಿ ಸ್ಟೀರಾಯ್ಡ್ ಇರುತ್ತದೆ. ಮೂಗಿಗೆ ಸಿಂಪಡಿಸಿದ್ದು ಬಹುಮಟ್ಟಿಗೆ ಮೂಗಿನಲ್ಲೇ ಉಳಿಯುತ್ತದೆ. ಸೂಜಿಯದು ಮೈಯೆಲ್ಲ ಹರಿಯುತ್ತದೆ. ಸಕ್ಕರೆ ರೋಗ, ರಕ್ತದೊತ್ತಡ ಏರುವದು, ಎಲುಬು ಸವೆಯುವದು ಇದರಿಂದ ಆಗಬಹುದು. ಗರ್ಭಿಣಿಯರು ಯಾವ ಔಷಧವನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಇನ್ನು ತಡಮಾಡದೆ ದವಾಖಾನೆಗೆ ಹೋಗಬೇಕಾದ ಚಿಹ್ನೆಗಳು. ಎದೆಯಲ್ಲಿ ಸುಂಯ್ ಎಂಬ ಸಪ್ಪಳ, ರಾತ್ರಿ ಕೆಮ್ಮು, ದಮ್ಮು. ಮೂಗು ಮತ್ತು ಪುಪ್ಪುಸ ಒಂದೇ ದಾರಿಯ ಎರಡು ತುದಿ, ಮೂಗಿನ ಅಲರ್ಜಿ ಇದ್ದವರಲ್ಲಿ ದಮ್ಮಿನ ರೋಗ ಹೆಚ್ಚು. ಗೊರಕೆ ಹೊಡೆಯುತ್ತ ಹೊಡೆಯುತ್ತ ಉಸಿರು ನಿಂತು, ಮತ್ತೆ ಬೆಚ್ಚಿಬಿದ್ದಂತೆ ಏಳುವದು. ಇದನ್ನು ಮಲಗಿದವನು ಕಾಣಲಾರ, ಮನೆಯವರೇ ಕಾಣಬೇಕು. ಒಂದೇ ಹೊಳ್ಳೆ ಸದಾ ಕಟ್ಟಿರುವದು, ರಕ್ತ ಬರುವದು, ಮುಖದಲ್ಲಿ ನೋವು ಜ್ವರ ಇರುವದು. ಬೂಸು ಹಿಡಿದ ಕಣಿಕೆ, ಹೊಟ್ಟು ಝಾಡಿಸಿದ ಕೆಲವು ತಾಸಿನ ಮೇಲೆ ಚಳಿಜ್ವರ, ಕೆಮ್ಮು, ಉಸಿರುಕಟ್ಟು ಬರುವದು. ಈ ಕೊನೆಯದು ಮೂಗಿನ ರೋಗವಲ್ಲ, ಪುಪ್ಪುಸದ್ದು. ಇಂಥ ಯಾವುದೇ ಚಿಹ್ನೆ ಕಂಡರೂ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ತಾಲೂಕಾ ಆಸ್ಪತ್ರೆ, ಬೇಕಾದರೆ ವಿಜಯಪುರದಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರು. ಹೋಗುವಾಗ ಕಾಟ ಯಾವ ತಿಂಗಳು ಬರುತ್ತದೆ, ಯಾವ ಕೆಲಸ ಮಾಡಿದಾಗ ಬರುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ವೈದ್ಯರಿಗೆ ಅರ್ಧ ಕೆಲಸ ಹಗುರಾಗುತ್ತದೆ.

ಕಡೆಗೆ ಆ ಹುಡುಗನ ಮಾತು ಹೇಳಿ ಮುಗಿಸುತ್ತೇನೆ. ಮರುವರ್ಷ ರಾಶಿಯ ಹೊತ್ತಿಗೆ ಅದೇ ಹೊಲಕ್ಕೆ ಹೋದೆ. ಮಷೀನಿಗೆ ಅವನ ಅಣ್ಣ ತೆನೆ ಹಾಕುತ್ತಿದ್ದ. ಇವನು ಗಾಳಿಯ ಮೇಲ್ಗಡೆ ಬಂಡಿಯ ಹತ್ತಿರ ನಿಂತಿದ್ದ. ಹದಿನೈದು ದಿನ ಮೊದಲೇ ವೈದ್ಯರನ್ನು ಕಂಡು ಬಂದಿದ್ದ. “ಈಗ ಹ್ಯಾಂಗ ತಮ್ಮಾ?” ಎಂದೆ. “ಸೀನು ಪೂರಾ ಹೋಗಿಲ್ರಿ ಸಾಹೇಬ್ರ. ಆದರ ರಾತ್ರಿ ನಿದ್ದಿ ಬರತೈತಿ” ಎಂದ. ಪಕ್ಕದಲ್ಲಿದ್ದ ಅವನ ತಾಯಿ, “ಅಂವಾ ಮಲಗಿದರ ನಮಗೂ ನಿದ್ದಿ ಬರತೈತ್ರಿ ಯಪ್ಪಾ. ಹ್ವಾದ ವರ್ಷ ಅವನ ಉಸಿರು ಕೇಳಕೋತಽ ನಾನೂ ಎಚ್ಚರಿರತಿದ್ದೆ” ಎಂದಳು.

ಒಬ್ಬರ ಮೂಗು ಕಟ್ಟಿದರೆ ಮನೆಯೆಲ್ಲ ಎಚ್ಚರ ಎಂಬುದು ಆ ತಾಯಿಯ ಮಾತಿನಿಂದ ನನಗೆ ತಿಳಿಯಿತು. ಆದ್ದರಿಂದ ‘ರಾಶಿ ನೆಗಡಿ’ ಎಂದು ಕೈಬಿಡಬೇಡಿರಿ. ಈ ವಾರವೇ ಒಂದು ಕೆಲಸ ಮಾಡಿರಿ: ಮನೆಯ ಕೌದಿ, ಗಾದಿ, ದಿಂಬುಗಳನ್ನೆಲ್ಲ ಒಂದು ದಿನ ಮಾಳಿಗೆಯ ಬಿಸಿಲಿಗೆ ಹಾಕಿರಿ. ರಾತ್ರಿ ಮಕ್ಕಳ ಉಸಿರು ಕೇಳಿರಿ. ಉಳಿದದ್ದು ಅಲ್ಲಿಂದ ಮುಂದೆ.